ಕಡಲ ದಂಡೆಯ ದಾರಿ ಯಾರದು?



ನಾವು ದಿನಾ ರಸ್ತೆಯಲ್ಲಿ ಓಡಾಡುತ್ತೇವೆ. ಕೂಲಿಗೆ ಹೋಗುತ್ತೇವೆ. ಸಂತೆಗೆ ಹೋಗುತ್ತೇವೆ. ಮಕ್ಕಳನ್ನು ಶಾಲೆಗೆ ಬಿಡುತ್ತೇವೆ. ಹಿಂದಿನಿಂದ ಹಾರ್ನ್ ಕೇಳಿದರೆ ಏನು ಮಾಡುತ್ತೇವೆ? ಮಗುವಿನ ಕೈ ಹಿಡಿದು ಎಳೆದುಕೊಳ್ಳುತ್ತೇವೆ. ರಸ್ತೆ ಬಿಟ್ಟು ಕೆಳಗಿಳಿದು ನಿಲ್ಲುತ್ತೇವೆ. ಕೆಳಗೆ ಮುಳ್ಳಿರಲಿ, ಚರಂಡಿ ಇರಲಿ, ಇಳಿಯಲೇಬೇಕು. ಗಾಡಿ ಹೋದ ಮೇಲೆ ಮುಖದ ಧೂಳು ಒರೆಸಿಕೊಂಡು ಮತ್ತೆ ನಡೆಯುತ್ತೇವೆ.

ನಾವೇ ಯಾಕೆ ಕೆಳಗಿಳಿಯಬೇಕು? ಹೀಗೆ ಯಾವತ್ತಾದರೂ ಕೇಳಿದ್ದೇವೆಯೇ? ಇಲ್ಲ. ರಸ್ತೆ ಇರುವುದು ಗಾಡಿಗೆ, ನಾವು ಪಕ್ಕಕ್ಕೆ ಸರಿಯಬೇಕು ಅಂತ ರೂಢಿಯಾಗಿಬಿಟ್ಟಿದೆ.

ದೂರದ ಒಂದು ಪಟ್ಟಣದ ಜನ ಈ ಪ್ರಶ್ನೆ ಕೇಳಿದರು. ಎರಡು ರಸ್ತೆಗಳ ವಿಷಯದಲ್ಲಿ ಕೇಳಿದರು. ಎರಡೂ ನೀರಿನ ದಂಡೆಯ ರಸ್ತೆಗಳು. ಎರಡನ್ನೂ ಕಾರುಗಳ ಕೈಯಿಂದ ಬಿಡಿಸಿಕೊಂಡರು. ಅದರಿಂದ ಸುಖವೂ ಆಯಿತು, ಜಗಳವೂ ಆಯಿತು. ಇದು ಕಟ್ಟುಕತೆ ಅಲ್ಲ, ನಡೆದ ಸಂಗತಿ. ಬನ್ನಿ, ಓದೋಣ.

ಮೂರು ಕಡೆ ನೀರು

ಅಮೆರಿಕ ದೇಶದ ಪಶ್ಚಿಮ ತುದಿಯಲ್ಲಿ ಕ್ಯಾಲಿಫೋರ್ನಿಯ ಎಂಬ ರಾಜ್ಯ ಇದೆ. ಅಲ್ಲಿನ ಒಂದು ಪಟ್ಟಣ ಸ್ಯಾನ್ ಫ್ರಾನ್ಸಿಸ್ಕೊ. ಸುಮಾರು 8 ಲಕ್ಷ ಜನ ಅಲ್ಲಿ ವಾಸವಾಗಿದ್ದಾರೆ.

ಊರಿನ ಮೂರು ಕಡೆ ನೀರು. ಪಶ್ಚಿಮಕ್ಕೆ ಪೆಸಿಫಿಕ್ ಮಹಾಸಾಗರ. ಪೂರ್ವಕ್ಕೆ ಕೊಲ್ಲಿ. ಕೊಲ್ಲಿ ಎಂದರೆ ನೆಲದ ಒಳಕ್ಕೆ ನುಗ್ಗಿದ ಸಮುದ್ರ. ಸುತ್ತ ನೀರಿದ್ದರೆ ಊರು ಬೆಳೆಯುವುದು ಹೇಗೆ? ಇರುವ ಜಾಗದಲ್ಲೇ ಮನೆ, ಅಂಗಡಿ, ಶಾಲೆ, ರಸ್ತೆ ಎಲ್ಲವೂ ಆಗಬೇಕು. ಆದ್ದರಿಂದ ಅಲ್ಲಿ ಒಂದೊಂದು ಅಡಿ ಜಾಗಕ್ಕೂ ಬೆಲೆ ಇದೆ.

ರಸ್ತೆಯ ಲೆಕ್ಕ

ದೊಡ್ಡ ರಸ್ತೆಯ ಮೇಲೆ ಬಿಳಿ ಗೆರೆ ಎಳೆದಿರುವುದನ್ನು ನೀವು ನೋಡಿರಬಹುದು. ಎರಡು ಗೆರೆಗಳ ನಡುವೆ ಒಂದು ಗಾಡಿ ಹೋಗುವಷ್ಟು ಜಾಗ ಇರುತ್ತದೆ. ಇದನ್ನು ಲೇನ್ ಅನ್ನುತ್ತಾರೆ. ನಾವು ಸಾಲು ಅನ್ನೋಣ. ಒಂದು ಸಾಲಿನ ಅಗಲ ಸುಮಾರು 10ರಿಂದ 12 ಅಡಿ.

ಈಗ ಒಂದು ಲೆಕ್ಕ ಮಾಡೋಣ. 50 ಜನ ಊರಿಂದ ಪೇಟೆಗೆ ಹೋಗಬೇಕು. ಬಸ್ಸು ಹತ್ತಿದರೆ ಒಂದೇ ಬಸ್ಸು ಸಾಕು. ಬಸ್ಸಿನ ಉದ್ದ ಸುಮಾರು 40 ಅಡಿ. ಅದೇ 50 ಜನ ಕಾರಿನಲ್ಲಿ ಇಬ್ಬಿಬ್ಬರಾಗಿ ಹೋದರೆ? 25 ಕಾರು ಬೇಕು. ಒಂದು ಕಾರಿಗೆ 14 ಅಡಿ ಅಂತ ಹಿಡಿಯಿರಿ. 25 ಕಾರಿಗೆ 350 ಅಡಿ ಆಯಿತು. ಅದೂ ಒಂದಕ್ಕೊಂದು ತಾಗಿಕೊಂಡು ನಿಂತರೆ ಮಾತ್ರ. ಓಡುವ ಕಾರುಗಳ ನಡುವೆ ಜಾಗ ಬಿಡಬೇಕು. ಆಗ ಇನ್ನೂ ಹೆಚ್ಚು ಜಾಗ ಬೇಕು.

ಜನ ಅಷ್ಟೇ. ಆದರೆ ಅವರು ಹಿಡಿಯುವ ಜಾಗ ಎಷ್ಟೊಂದು ಬೇರೆ! ಕಾರಿಗೆ ಕೊಟ್ಟ ಒಂದು ಸಾಲನ್ನು ಬಸ್ಸಿಗೆ ಬಿಟ್ಟುಕೊಡಬಹುದು. ಸೈಕಲ್ಲಿಗೆ ಬಿಟ್ಟುಕೊಡಬಹುದು. ನಡೆಯುವವರಿಗೂ ಬಿಟ್ಟುಕೊಡಬಹುದು. ಆಗ ಅದೇ ಜಾಗ ಹೆಚ್ಚು ಜನರಿಗೆ ಸಿಗುತ್ತದೆ. ಹೊಸ ಜಾಗ ಕೊಳ್ಳುವುದು ಬೇಡ.

ಹೇಳುವುದಕ್ಕೆ ಇದು ಸುಲಭ. ಮಾಡುವುದು ಕಷ್ಟ. ಯಾಕೆ ಅಂತ ಮುಂದೆ ನೋಡೋಣ.

ಮೊದಲನೆಯ ರಸ್ತೆ: ಮಾಳಿಗೆಯ ರಸ್ತೆ

ಆ ಊರಿನ ಪೂರ್ವಕ್ಕೆ, ಕೊಲ್ಲಿಯ ದಂಡೆಯಲ್ಲಿ ಎಂಬಾರ್ಕಡೆರೊ ಎಂಬ ಜಾಗ ಇದೆ. ಹಡಗು ನಿಲ್ಲುವ ಕಟ್ಟೆಗಳು ಅಲ್ಲಿವೆ. 1898ರಲ್ಲಿ ತೆರೆದ ಒಂದು ಹಳೆಯ ಕಟ್ಟಡವೂ ಇದೆ. ಅದರ ಮೇಲೆ ಗಡಿಯಾರದ ಗೋಪುರ. ಜನ ದೋಣಿ ಹತ್ತುವುದು, ಇಳಿಯುವುದು ಅಲ್ಲೇ.

1959ರಲ್ಲಿ ಈ ಕಟ್ಟಡದ ಮುಂದೆಯೇ ಒಂದು ಎತ್ತರದ ರಸ್ತೆ ಬಂತು. ಕಂಬಗಳ ಮೇಲೆ ಒಂದು ರಸ್ತೆ, ಅದರ ಮೇಲೆ ಇನ್ನೊಂದು ರಸ್ತೆ. ಮಾಳಿಗೆಯ ಮನೆ ಇರುತ್ತದಲ್ಲ, ಹಾಗೆ. ಎರಡರ ಮೇಲೂ ಬರೀ ಕಾರು, ಲಾರಿ. ಕೆಳಗೆ ಕತ್ತಲೆ, ಸದ್ದು, ಹೊಗೆ. ಊರಿನವರಿಗೆ ತಮ್ಮ ಕೊಲ್ಲಿಯೇ ಕಾಣದ ಹಾಗಾಯಿತು.

ಜನ ಬೇಸರ ಮಾಡಿಕೊಂಡರು. ಇಂಥ ರಸ್ತೆ ಇನ್ನು ಬೇಡ ಅಂತ ಹೋರಾಡಿದರು. ಮುಂದೆ ಕಟ್ಟಬೇಕಾಗಿದ್ದ ಹಲವು ರಸ್ತೆಗಳು ನಿಂತುಹೋದವು. ಆದರೆ ಕಟ್ಟಿದ್ದನ್ನು ಕೆಡವುವುದಕ್ಕೆ ಅವರಿಗೂ ಮನಸ್ಸು ಬರಲಿಲ್ಲ. 1986ರಲ್ಲಿ ಇದನ್ನು ಮತಕ್ಕೆ ಹಾಕಿದರು. ಹೆಚ್ಚು ಜನ, "ಕೆಡವುವುದು ಬೇಡ" ಎಂದರು. ದಿನಾ ಸಾವಿರಾರು ಗಾಡಿ ಓಡುವ ರಸ್ತೆ. ಅದಿಲ್ಲದೆ ಊರು ನಡೆಯುವುದು ಹೇಗೆ ಎಂಬ ಭಯ.

ಭೂಮಿ ನಡುಗಿತು

1989ರ ಅಕ್ಟೋಬರ್ 17. ಸಂಜೆ 5 ಗಂಟೆ ದಾಟಿತ್ತು. ಭೂಕಂಪ ಆಯಿತು. ಆ ಸುತ್ತಿನಲ್ಲಿ 63 ಜನ ಸತ್ತರು. ಕೊಲ್ಲಿಯ ಆಚೆ ದಂಡೆಯ ಓಕ್ಲೆಂಡ್ ಎಂಬ ಊರಿನಲ್ಲೂ ಇಂಥದೇ ಮಾಳಿಗೆಯ ರಸ್ತೆ ಇತ್ತು. ಮೇಲಿನ ರಸ್ತೆ ಕೆಳಗಿನ ರಸ್ತೆಯ ಮೇಲೆ ಕುಸಿದು ಬಿತ್ತು. ಅಲ್ಲೊಂದೇ ಕಡೆ 42 ಜನ ಸತ್ತರು.

ಎಂಬಾರ್ಕಡೆರೊ ರಸ್ತೆ ಬೀಳಲಿಲ್ಲ. ಆದರೆ ಪೆಟ್ಟಾಯಿತು. ಅದನ್ನು ಮುಚ್ಚಿದರು. ಈಗ ಮತ್ತೆ ಅದೇ ಪ್ರಶ್ನೆ ಬಂತು. ರಿಪೇರಿ ಮಾಡುವುದೋ, ಕೆಡವುವುದೋ?

ಕೆಡವೋಣ ಎಂದರು ಮೇಯರ್ ಆರ್ಟ್ ಆಗ್ನೋಸ್. ಬೇಡವೇ ಬೇಡ ಎಂದರು ಚೈನಾಟೌನ್ ವರ್ತಕರು. ಚೈನಾಟೌನ್ ಎಂದರೆ ಚೀನಾ ಮೂಲದ ಜನ ತಲೆಮಾರುಗಳಿಂದ ಇರುವ ಕೇರಿ. ಅಂಗಡಿ, ಹೋಟೆಲು ಅವರ ಜೀವನ. ಗಿರಾಕಿಗಳು ಆ ರಸ್ತೆಯಲ್ಲೇ ಕಾರಿನಲ್ಲಿ ಬರುತ್ತಿದ್ದರು. ರಸ್ತೆ ಮುಚ್ಚಿದ ಮೇಲೆ ವ್ಯಾಪಾರ ಬಿದ್ದುಹೋಗಿತ್ತು. ನೀವೇ ಹೇಳಿ. ಸಂತೆಗೆ ಬರುವ ದಾರಿಯನ್ನೇ ಮುಚ್ಚಿದರೆ ತರಕಾರಿ ಮಾರುವವಳು ಸುಮ್ಮನಿರುತ್ತಾಳೆಯೇ? ಅವರ ಸಿಟ್ಟಿನಲ್ಲಿ ನ್ಯಾಯ ಇತ್ತು.

ಕೊನೆಗೆ 1991ರಲ್ಲಿ ಕೆಡವುವ ಕೆಲಸ ಶುರುವಾಯಿತು. ಅದೇ ವರ್ಷದ ಚುನಾವಣೆಯಲ್ಲಿ ಮೇಯರ್ ಸೋತರು. ಸೋಲಿಗೆ ಈ ರಸ್ತೆಯೂ ಒಂದು ಕಾರಣ ಎಂದು ಹೇಳುತ್ತಾರೆ.

ಕೆಡವಿದ ಮೇಲೆ ಏನಾಯಿತು?

ಊರು ನಿಂತುಹೋಯಿತೇ? ಇಲ್ಲ. ಕೆಲವರು ಬೇರೆ ರಸ್ತೆ ಹಿಡಿದರು. ಕೆಲವರು ಬಸ್ಸು, ರೈಲು, ದೋಣಿ ಹತ್ತಿದರು.

ಕತ್ತಲೆ ಇದ್ದ ಜಾಗಕ್ಕೆ ಬೆಳಕು ಬಂತು. ನೆಲದ ಮೇಲೆ ಹೊಸ ರಸ್ತೆ ಮಾಡಿದರು. ಕಾರಿಗೆ ಜಾಗ ಬಿಟ್ಟರು, ಆದರೆ ಪೂರಾ ಬಿಡಲಿಲ್ಲ. ನಡುವೆ ಟ್ರಾಮ್ ಹಳಿ ಹಾಕಿದರು. ಟ್ರಾಮ್ ಎಂದರೆ ಹಳಿಯ ಮೇಲೆ ಓಡುವ ಬಸ್ಸಿನಂಥ ಬಂಡಿ. 2000ದಲ್ಲಿ ಆ ದಂಡೆಯ ಮೇಲೆ ಹಳೆಯ ಕಾಲದ ಟ್ರಾಮ್‌ಗಳು ಓಡತೊಡಗಿದವು. ನೀರಿನ ಪಕ್ಕದಲ್ಲಿ ನಡೆಯುವವರಿಗೆ ಅಗಲವಾದ ದಾರಿ ಆಯಿತು. ತಾಳೆ ಜಾತಿಯ ಮರಗಳನ್ನು ನೆಟ್ಟರು. ಗಡಿಯಾರದ ಕಟ್ಟಡವನ್ನು ಸರಿಮಾಡಿ 2003ರಲ್ಲಿ ಮತ್ತೆ ತೆರೆದರು. ಅಲ್ಲಿ ರೈತರ ಸಂತೆ ಕೂಡ ನಡೆಯುತ್ತದೆ.

ಹಾಗಾದರೆ ಚೈನಾಟೌನ್ ಜನಕ್ಕೆ ಏನು ಸಿಕ್ಕಿತು? ಅವರು ಬಿಡಲಿಲ್ಲ. "ರಸ್ತೆ ಕಿತ್ತುಕೊಂಡಿರಿ, ನಮಗೆ ರೈಲು ಕೊಡಿ" ಎಂದು ಹಟ ಹಿಡಿದರು. ಈ ಹೋರಾಟದ ಮುಂದೆ ನಿಂತವರು ರೋಸ್ ಪಾಕ್ ಎಂಬ ಹೆಂಗಸು. ವರ್ಷಗಟ್ಟಲೆ ಕೇಳಿದರು, ಕಾಡಿದರು. ಕೊನೆಗೆ ನೆಲದೊಳಗೆ ಸುರಂಗ ಕೊರೆದು ರೈಲು ತಂದರು. 2022ರ ನವೆಂಬರಿನಲ್ಲಿ ಅದು ಓಡಿತು. ಚೈನಾಟೌನ್ ನಿಲ್ದಾಣಕ್ಕೆ ರೋಸ್ ಪಾಕ್ ಅವರ ಹೆಸರನ್ನೇ ಇಟ್ಟಿದ್ದಾರೆ. ಆದರೆ ಅದನ್ನು ನೋಡಲು ಅವರು ಉಳಿದಿರಲಿಲ್ಲ. 2016ರಲ್ಲೇ ತೀರಿಕೊಂಡಿದ್ದರು.

ಲೆಕ್ಕ ಹಾಕಿ. ರಸ್ತೆ ಹೋದದ್ದು 1991ರಲ್ಲಿ. ರೈಲು ಬಂದದ್ದು 2022ರಲ್ಲಿ. 31 ವರ್ಷ! ದಂಡೆಗೆ ಚೆಲುವು ಬೇಗ ಬಂತು. ನಷ್ಟ ಆದವರಿಗೆ ನ್ಯಾಯ ತಡವಾಗಿ ಬಂತು. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಎರಡನೆಯ ರಸ್ತೆ: ಮರಳಿನ ರಸ್ತೆ

ಈಗ ಊರಿನ ಇನ್ನೊಂದು ಮಗ್ಗುಲಿಗೆ ಹೋಗೋಣ. ಪಶ್ಚಿಮಕ್ಕೆ ಮಹಾಸಾಗರ. ಸಾಗರದ ಪಕ್ಕದಲ್ಲೇ ಗ್ರೇಟ್ ಹೈವೇ ಎಂಬ ರಸ್ತೆ. ಹೋಗಲು ಎರಡು ಸಾಲು, ಬರಲು ಎರಡು ಸಾಲು. ನಾವು ಹೇಳುತ್ತಿರುವ ಭಾಗ ಸುಮಾರು 3 ಕಿಲೋಮೀಟರ್ ಉದ್ದ.

ಈ ರಸ್ತೆಗೆ ಎರಡು ಕಾಟ. ಒಂದು ಗಾಳಿ, ಇನ್ನೊಂದು ನೀರು.

ಗಾಳಿ ಬೀಸಿದರೆ ದಂಡೆಯ ಮರಳು ಎದ್ದು ರಸ್ತೆಯ ಮೇಲೆ ಗುಡ್ಡೆ ಬೀಳುತ್ತದೆ. ಆಗ ಗಾಡಿ ನಿಲ್ಲಿಸಬೇಕು. ಯಂತ್ರ ತಂದು ಮರಳು ತೆಗೆಸಬೇಕು. ವರ್ಷದಲ್ಲಿ ಹಲವಾರು ಸಲ ಹೀಗೆ ಆಗುತ್ತಿತ್ತು. ಖರ್ಚು ಊರಿನವರದೇ.

ನೀರಿನ ಕಾಟ ರಸ್ತೆಯ ದಕ್ಷಿಣ ತುದಿಯಲ್ಲಿ. ಅಲ್ಲಿ ಸಮುದ್ರ ದಂಡೆಯನ್ನೇ ತಿನ್ನುತ್ತಾ ಬಂತು. ನಮ್ಮ ಉಳ್ಳಾಲದ ಕಡೆಯ ಅಕ್ಕಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರು ಇದಕ್ಕೆ ಕಡಲ್ಕೊರೆತ ಅನ್ನುತ್ತಾರೆ. ಮಳೆಗಾಲದಲ್ಲಿ ತೆಂಗಿನ ಮರ, ಮನೆ, ರಸ್ತೆ ಕಡಲ ಪಾಲಾಗುವುದನ್ನು ಅವರು ಕಣ್ಣಾರೆ ನೋಡಿದ್ದಾರೆ. ಅಲ್ಲೂ ಹಾಗೆಯೇ. ಆ ತುದಿಯ ರಸ್ತೆಯನ್ನು ಕಾರುಗಳಿಗೆ ಮುಚ್ಚಲೇಬೇಕು ಎಂದು ತೀರ್ಮಾನವಾಯಿತು.

2020ರಲ್ಲಿ ಕೊರೊನಾ ಬಂತು. ಜನ ಮನೆಯೊಳಗೆ ಕೂತು ಬೇಸತ್ತಿದ್ದರು. ದೂರ ದೂರ ನಿಂತು ಗಾಳಿ ಸೇವಿಸಲು ಜಾಗ ಬೇಕಿತ್ತು. ಆ ಏಪ್ರಿಲಿನಲ್ಲಿ ಗ್ರೇಟ್ ಹೈವೇಗೆ ಕಾರು ಬರುವುದನ್ನು ನಿಲ್ಲಿಸಿದರು. ಜನ ಬಂದರು. ಅಜ್ಜಿಯರು ನಡೆದರು. ಮಕ್ಕಳು ಸೈಕಲ್ ಕಲಿತರು. ಗಾಲಿಕುರ್ಚಿಯಲ್ಲಿ ಕೂತವರು ಕಡಲಿನ ಹತ್ತಿರಕ್ಕೆ ಬಂದರು. ಮರಳಿನಲ್ಲಿ ಗಾಲಿಕುರ್ಚಿ ಓಡುವುದಿಲ್ಲ. ರಸ್ತೆಯ ಮೇಲೆ ಓಡುತ್ತದೆ.

2021ರ ಆಗಸ್ಟಿನಲ್ಲಿ ಒಂದು ರಾಜಿ ಆಯಿತು. ವಾರದ ಕೆಲಸದ ದಿನ ಕಾರಿಗೆ, ವಾರದ ಕೊನೆ ಜನಕ್ಕೆ. ಆದರೆ ಯಾರಿಗೂ ಪೂರ್ತಿ ಸಮಾಧಾನ ಆಗಲಿಲ್ಲ. 2022ರಲ್ಲಿ, "ಎಲ್ಲ ದಿನವೂ ಕಾರಿಗೇ ಬಿಡಿ" ಎಂಬ ಬೇಡಿಕೆ ಮತಕ್ಕೆ ಬಂತು. ನೂರಕ್ಕೆ ಸುಮಾರು 65 ಜನ ಅದನ್ನು ಬೇಡ ಎಂದರು.

ಒಂದು ಪುಸ್ತಕ, ಒಂದು ಮತ

2024ರ ನವೆಂಬರಿನಲ್ಲಿ ಮತ್ತೆ ಮತದಾನ. ಈ ಸಲದ ಪ್ರಶ್ನೆ ನೇರವಾಗಿತ್ತು. ಈ ರಸ್ತೆಯನ್ನು ಕಾರಿಗೆ ಕಾಯಂ ಮುಚ್ಚಿ, ಜನರಿಗೆ ಬಿಡಬೇಕೇ? ಹೌದು ಅಥವಾ ಇಲ್ಲ.

ಇಲ್ಲಿ ಒಂದು ವಿಷಯ ಗಮನಿಸಿ. ಆ ಊರಿನಲ್ಲಿ ಮತದಾನಕ್ಕೆ ಮೊದಲು ಪ್ರತಿ ಮತದಾರರ ಮನೆಗೂ ಒಂದು ಪುಸ್ತಕ ಬರುತ್ತದೆ. ಪ್ರಶ್ನೆ ಏನು, ಖರ್ಚು ಎಷ್ಟು ಎಂದು ಅದರಲ್ಲಿ ಬರೆದಿರುತ್ತಾರೆ. ಹೌದು ಎನ್ನುವವರ ಮಾತನ್ನೂ ಹಾಕಿರುತ್ತಾರೆ. ಇಲ್ಲ ಎನ್ನುವವರ ಮಾತನ್ನೂ ಹಾಕಿರುತ್ತಾರೆ. ಮತಪತ್ರವನ್ನು ಇಂಗ್ಲಿಷ್ ಒಂದರಲ್ಲೇ ಅಲ್ಲ, ಚೀನೀ, ಸ್ಪ್ಯಾನಿಷ್, ಫಿಲಿಪಿನೊ ಭಾಷೆಗಳಲ್ಲೂ ಅಚ್ಚು ಹಾಕುತ್ತಾರೆ. ತಾಯಿಯಿಂದ ಕಲಿತ ಮಾತಿನಲ್ಲೇ ಓದಿ, ಯೋಚಿಸಿ, ಗುರುತು ಹಾಕಬಹುದು.

ಓದು ಬಂದರೆ ಏನು ಲಾಭ ಅಂತ ಕೇಳುವವರಿಗೆ ಇದೇ ಉತ್ತರ. ಓದಲು ಬಂದವರು ಎರಡೂ ಕಡೆಯ ಮಾತನ್ನು ತಾವೇ ತೂಗಿ ನೋಡಬಹುದು. ಇನ್ನೊಬ್ಬರು ಹೇಳಿದ ಹಾಗೆ ತಲೆ ಆಡಿಸುವುದು ಬೇಡ.

ಎರಡು ಕಡೆಯ ಮಾತು

ಹೌದು ಎಂದವರು ಹೇಳಿದ್ದು ಇದು: ಕಡಲ ದಂಡೆ ಎಲ್ಲರದು. ಮರಳು ತೆಗೆದು ತೆಗೆದು ಎಷ್ಟು ದಿನ ಕಾರು ಓಡಿಸುವುದು? ದಕ್ಷಿಣದ ತುದಿ ಹೇಗೂ ಮುಚ್ಚುತ್ತದೆ. ಆಮೇಲೆ ಕಾರುಗಳು ಊರೊಳಗೆ ತಿರುಗಲೇಬೇಕು. ಹಾಗಿರುವಾಗ ಈ ಜಾಗವನ್ನು ಉದ್ಯಾನ ಮಾಡೋಣ.

ಇಲ್ಲ ಎಂದವರು ಹೇಳಿದ್ದು ಇದು: ನಾವು ಇದೇ ದಾರಿಯಲ್ಲಿ ಕೆಲಸಕ್ಕೆ ಹೋಗುತ್ತೇವೆ. ಮಕ್ಕಳನ್ನು ಶಾಲೆಗೆ ಬಿಡುತ್ತೇವೆ. ಮುದುಕರನ್ನು ಆಸ್ಪತ್ರೆಗೆ ಕರೆದೊಯ್ಯುತ್ತೇವೆ. ಇದನ್ನು ಮುಚ್ಚಿದರೆ ಕಾರುಗಳೆಲ್ಲ ನಮ್ಮ ಮನೆ ಮುಂದಿನ ಸಣ್ಣ ಬೀದಿಗೆ ನುಗ್ಗುತ್ತವೆ. ವಾರಕ್ಕೊಮ್ಮೆ ಗಾಳಿ ತಿನ್ನಲು ಬರುವವರಿಗಾಗಿ ನಾವು ದಿನಾ ಕಷ್ಟಪಡಬೇಕೇ?

ಎರಡು ಮಾತಿನಲ್ಲೂ ಹುರುಳಿದೆ. ಹೌದಲ್ಲವೇ?

ಎಣಿಕೆ ಆಯಿತು. ನೂರಕ್ಕೆ ಸುಮಾರು 55 ಜನ ಹೌದು ಎಂದಿದ್ದರು. ಆದರೆ ಆ ರಸ್ತೆಯ ಹತ್ತಿರದ ಬಡಾವಣೆಗಳಲ್ಲಿ ಹೆಚ್ಚು ಜನ ಇಲ್ಲ ಎಂದಿದ್ದರು. ದೂರದವರ ಮತದಿಂದ ಹತ್ತಿರದವರು ಸೋತರು.

2025ರ ಮಾರ್ಚ್ 14ರಂದು ಕಾರು ಬರುವುದನ್ನು ಕಾಯಂ ನಿಲ್ಲಿಸಿದರು. ಏಪ್ರಿಲ್ 12ರಂದು ಉದ್ಯಾನ ತೆರೆಯಿತು. ಸನ್‌ಸೆಟ್ ಡ್ಯೂನ್ಸ್ ಎಂದು ಹೆಸರಿಟ್ಟರು. ಸಂಜೆಯ ಮರಳ ದಿಬ್ಬಗಳು ಎಂದು ನಾವು ಕರೆಯಬಹುದು.

ಸಿಟ್ಟು ತಣಿಯಲಿಲ್ಲ. ಆ ಭಾಗದ ನಗರಸಭೆ ಸದಸ್ಯ ಜೋಯಲ್ ಎಂಗಾರ್ಡಿಯೊ ಉದ್ಯಾನದ ಪರ ಮುಂದೆ ನಿಂತವರು. "ನಮ್ಮನ್ನು ಕೇಳದೆ ಹೀಗೆ ಮಾಡಿದಿರಿ" ಎಂದು ಹತ್ತಿರದವರು ಅವರ ಮೇಲೆ ತಿರುಗಿಬಿದ್ದರು. ಅಲ್ಲಿ ಆರಿಸಿದವರನ್ನು ಅವಧಿಗೆ ಮೊದಲೇ ಮತ ಹಾಕಿ ಇಳಿಸುವ ಹಕ್ಕು ಜನಕ್ಕೆ ಇದೆ. 2025ರ ಸೆಪ್ಟೆಂಬರ್ 16ರಂದು ಆ ಮತದಾನ ನಡೆಯಿತು. ನೂರಕ್ಕೆ 60ಕ್ಕೂ ಹೆಚ್ಚು ಜನ ಅವರನ್ನು ಇಳಿಸಿ ಎಂದರು. ಅವರು ಸ್ಥಾನ ಕಳೆದುಕೊಂಡರು.

34 ವರ್ಷದ ಹಿಂದೆ ಕೊಲ್ಲಿಯ ರಸ್ತೆ ಕೆಡವಿಸಿದ ಮೇಯರ್ ಸೋತಿದ್ದರು. ಈಗ ಕಡಲ ರಸ್ತೆ ಮುಚ್ಚಿಸಿದ ಸದಸ್ಯರೂ ಸೋತರು. ಅದೇ ಊರು, ಅದೇ ಪಾಠ.

ನಾವು ಕಲಿಯುವುದೇನು?

ಕಾರಿನ ಜಾಗ ಜನರಿಗೆ ಬಿಡುವುದು ತಪ್ಪು ಅಂತ ನಾವು ಹೇಳುತ್ತಿಲ್ಲ. ಬಿಟ್ಟದ್ದು ಒಳ್ಳೆಯದೇ ಆಯಿತು. ಎಂಬಾರ್ಕಡೆರೊದಲ್ಲಿ ಮಾಳಿಗೆಯ ರಸ್ತೆ ಮತ್ತೆ ಕಟ್ಟಿ ಎಂದು ಇವತ್ತು ಕೇಳುವವರು ಸಿಗುವುದು ಕಷ್ಟ. ಆದರೆ ಹಂಚುವಾಗ ಒಂದು ಕ್ರಮ ಇರಬೇಕು. ಮನೆಯಲ್ಲಿ ರೊಟ್ಟಿ ಹಂಚುವಾಗ ಯಾರ ತಟ್ಟೆಯಿಂದ ತೆಗೆಯುತ್ತೇವೋ ಅವರಿಗೆ ಮೊದಲು ಹೇಳುತ್ತೇವೆ. ಅವರ ಹೊಟ್ಟೆಗೆ ಬೇರೆ ಏನಾದರೂ ನೋಡುತ್ತೇವೆ. ರಸ್ತೆಗೂ ಇದೇ ನ್ಯಾಯ. ಮೊದಲು ಬಸ್ಸೋ ರೈಲೋ ಕೊಡಬೇಕು, ಆಮೇಲೆ ದಾರಿ ಕೇಳಬೇಕು. ಹತ್ತಿರದವರ ಜೊತೆ ಮೊದಲು ಕೂತು ಮಾತಾಡಬೇಕು.

ಸಮಯ ಹಂಚಿಕೊಳ್ಳುವುದೂ ಒಂದು ದಾರಿ. ಇದಕ್ಕೆ ಅಮೆರಿಕಕ್ಕೆ ಹೋಗಬೇಕಾಗಿಲ್ಲ. ನಮ್ಮ ದೇಶದ ಪುದುಚೇರಿಯಲ್ಲಿ ಕಡಲ ಪಕ್ಕ ಒಂದು ರಸ್ತೆ ಇದೆ. ಸಂಜೆಯಿಂದ ಬೆಳಗಿನವರೆಗೆ ಅಲ್ಲಿ ಗಾಡಿಗಳು ಬರುವಂತಿಲ್ಲ. ಜನ ಹೆಂಡತಿ ಮಕ್ಕಳ ಜೊತೆ ರಸ್ತೆಯ ನಡುವೆಯೇ ನಿಶ್ಚಿಂತೆಯಾಗಿ ನಡೆಯುತ್ತಾರೆ. ಹಗಲು ಗಾಡಿಗೆ, ಸಂಜೆ ಜನಕ್ಕೆ.

ರಸ್ತೆಯಲ್ಲಿ ಜಾಗ ಸಿಗುವುದು ಹೆಂಗಸರಿಗೆ ಸಣ್ಣ ವಿಷಯ ಅಲ್ಲ. ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ 1990ರ ದಶಕದ ಮೊದಲ ವರ್ಷಗಳಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಅಕ್ಷರದ ಜೊತೆಗೆ ಹೆಂಗಸರಿಗೆ ಸೈಕಲ್ಲನ್ನೂ ಕಲಿಸಿದರು. ಆಗ ಅಲ್ಲಿ ಜಿಲ್ಲಾಧಿಕಾರಿ ಆಗಿದ್ದವರು ಶೀಲಾ ರಾಣಿ ಚುಂಕತ್ ಎಂಬ ಮಹಿಳೆ. ಸಾವಿರಾರು ಹೆಂಗಸರು ಸೈಕಲ್ ಹತ್ತಿದರು. ಕೆಲವರು ನಕ್ಕರು, ಚುಚ್ಚಿ ಮಾತಾಡಿದರು. ಇವರು ಕಿವಿಗೆ ಹಾಕಿಕೊಳ್ಳಲಿಲ್ಲ. ಸೈಕಲ್ಲಿನಲ್ಲಿ ನೀರು ತಂದರು. ಮಾಲು ಹೇರಿಕೊಂಡು ಊರೂರಿಗೆ ಮಾರಲು ಹೋದರು. ಬಸ್ಸಿಗೆ, ಗಂಡನಿಗೆ, ಅಣ್ಣನಿಗೆ ಕಾಯುವುದು ತಪ್ಪಿತು. ಆದರೆ ಸೈಕಲ್ ಕಲಿತರೆ ಸಾಲದು. ಅದನ್ನು ಓಡಿಸಲು ಲಾರಿಯ ಭಯ ಇಲ್ಲದ ಅಂಚು ರಸ್ತೆಯಲ್ಲಿ ಬೇಕು. ಇಲ್ಲದಿದ್ದರೆ ಸೈಕಲ್ಲು ಮನೆಯ ಗೋಡೆಗೆ ಒರಗಿಕೊಂಡೇ ಇರುತ್ತದೆ.

ನಮ್ಮ ಊರಿನಲ್ಲೂ ರಸ್ತೆ ಅಗಲ ಮಾಡುತ್ತಾರೆ. ಕಾಮಗಾರಿ ಬರುತ್ತದೆ. ಮೂರು ಅಡಿ ನಡೆಯುವ ದಾರಿ ಬಿಡಿ ಎಂದು ಕೇಳುವವರು ಯಾರು? ಬಸ್ ನಿಲ್ಲುವಲ್ಲಿ ನೆರಳು ಮಾಡಿ ಎಂದು ಕೇಳುವವರು ಯಾರು? ಗ್ರಾಮಸಭೆ ಇರುವುದು ಇದಕ್ಕೇ. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರಿಗೆ ಮೀಸಲು. ಸಭೆಯ ನೋಟೀಸನ್ನು ಈಗ ನಾವೇ ಓದಬಲ್ಲೆವು. ಅರ್ಜಿಯನ್ನು ನಾವೇ ಬರೆಯಬಲ್ಲೆವು.

ಹಾಗಾದರೆ ಮುಂದಿನ ಸಭೆಗೆ ಹೋಗೋಣ. ರೋಸ್ ಪಾಕ್ ಕೇಳಿದ ಹಾಗೆ ಬಿಡದೆ ಕೇಳೋಣ.

ಓದಿದಿರಲ್ಲ? ಈಗ ಮಾತಾಡಿ

1. ನಿಮ್ಮ ಊರಿನ ಯಾವ ರಸ್ತೆಯಲ್ಲಿ ನಡೆಯಲು ನಿಮಗೆ ಭಯ? ಯಾಕೆ?

2. 60 ಜನ ಕಾರಿನಲ್ಲಿ ಮೂವರು ಮೂವರಾಗಿ ಹೋದರೆ ಎಷ್ಟು ಕಾರು ಬೇಕು?

3. ಗ್ರೇಟ್ ಹೈವೇ ಹತ್ತಿರ ನಿಮ್ಮ ಮನೆ ಇದ್ದಿದ್ದರೆ ನೀವು ಏನೆಂದು ಮತ ಹಾಕುತ್ತಿದ್ದಿರಿ? ದೂರ ಇದ್ದಿದ್ದರೆ?

4. ಸಂತೆಯ ದಿನ ನಿಮ್ಮ ಪೇಟೆ ಬೀದಿಗೆ ಗಾಡಿ ಬಿಡದಿದ್ದರೆ ಯಾರಿಗೆ ಅನುಕೂಲ? ಯಾರಿಗೆ ತೊಂದರೆ?

5. ನಡೆಯುವ ದಾರಿ ಬೇಕು ಎಂದು ನಿಮ್ಮ ಪಂಚಾಯಿತಿಗೆ ಐದು ಸಾಲಿನ ಅರ್ಜಿ ಬರೆಯಿರಿ. ಕೆಳಗೆ ನಿಮ್ಮ ಸಹಿ ಹಾಕಿ.